ಘಟ್ಟ, ಹೊಳೆ, ಕಡಲು: ಗೋವೆಯ ದಾರಿಗಳ ಚರಿತ್ರೆ

ಗೋವೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಹಡಗಿನಿಂದ ಇಳಿದು ಬಂದವರು. ಆದ್ದರಿಂದಲೇ ಅವರ ಬರವಣಿಗೆಯಲ್ಲಿ ಮೊದಲು ಕಡಲು, ಬಳಿಕ ಕಡಲಿಗೆ ಮುಖಮಾಡಿದ ಪಟ್ಟಣ, ಕಡೆಯಲ್ಲಿ ದೂರದ ಬೆಟ್ಟಸಾಲು ಕಾಣಿಸಿಕೊಳ್ಳುತ್ತವೆ. ಬೆಳಗಾವಿ, ಖಾನಾಪುರ, ಸೂಪಾ, ಹಳಿಯಾಳಗಳ ಕಡೆಯಿಂದ ಘಟ್ಟವಿಳಿದು ಬಂದವರಿಗಾದರೋ ಈ ಕ್ರಮ ಪೂರ್ತಿ ತಿರುವುಮುರುವು. ಅವರಿಗೆ ಮೊದಲು ಎದುರಾಗುವುದು ಕಾಡು, ಆಮೇಲೆ ಕುಳಾಗರಗಳೆಂದು ಕರೆಯಲ್ಪಡುವ ಅಡಿಕೆ-ತೆಂಗಿನ ತೋಟಗಳು, ಆಮೇಲೆ ಉಬ್ಬರದ ಉಪ್ಪುನೀರನ್ನು ಕಟ್ಟೆ ಹಾಕಿ ತಡೆದು ಭತ್ತ ಬೆಳೆಯುವ ಬಯಲುಗಳು, ಹೊಳೆ ದಾಟಿಸುವ ತಾರಿ, ಪೇಟೆ. ಕಡಲು ಎಲ್ಲಕ್ಕಿಂತ ಕೊನೆಗೆ. ಗೋವೆಗೆ ಬಂದವರು ಯಾವ ದಾರಿ ಹಿಡಿದು ಬಂದರೆಂಬುದೇ ಅವರು ಅಲ್ಲಿ ಏನನ್ನು ಕಂಡರೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದೆ. ಅಷ್ಟೇ ಅಲ್ಲ, ಈ ಎರಡು ದಾರಿಗಳು ಎಲ್ಲಿ ಸಂಧಿಸಿದವೋ ಅಲ್ಲಿ ರಾಜಧಾನಿಗಳು ಎದ್ದವು, ಸಂಧಿಸುವ ಜಾಗ ಬದಲಾದಾಗ ಆ ರಾಜಧಾನಿಗಳು ಹಾಳುಬಿದ್ದವು. ಕಡಲಿನ ದಾರಿಯ ಕಥೆ ಸಾಕಷ್ಟು ಹೇಳಲ್ಪಟ್ಟಿದೆ. ಘಟ್ಟದ ದಾರಿಯದು ಅಷ್ಟಾಗಿ ಹೇಳಲ್ಪಟ್ಟಿಲ್ಲ, ಕನ್ನಡ ನಾಡಿನ ಪಾಲಿರುವುದು ಹೆಚ್ಚಾಗಿ ಅದರಲ್ಲಿಯೇ ಆದರೂ.

ಈ ನೆಲದ ಸ್ವರೂಪವೇ ಪ್ರಯಾಣದ ಸ್ವರೂಪವನ್ನು ಗೊತ್ತುಮಾಡಿತ್ತು. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿ ಎಂಬ ಹೆಸರಿನಿಂದ ಹುಟ್ಟುವ ಹೊಳೆ ಗೋವೆಯಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. ಅದಕ್ಕೆ ದಕ್ಷಿಣದಲ್ಲಿ ಜುವಾರಿ ಹೊಳೆ ಮುರಗಾಂವಿನ ಬಳಿ ಕಡಲನ್ನು ಕೂಡುತ್ತದೆ. ಎರಡನ್ನೂ ಒಳನಾಡಿನಲ್ಲಿ ಕುಂಭಾರಜುವೆಯ ಕಾಲುವೆ ಬೆಸೆಯುತ್ತದೆ. ಉಬ್ಬರವಿಳಿತಗಳು ಈ ಹೊಳೆಗಳಲ್ಲಿ ಬಹುದೂರ ಒಳಕ್ಕೆ ತಲಪುವುದರಿಂದ ಸರಕು ತುಂಬಿದ ದೋಣಿಗಳು ಘಟ್ಟದ ಬುಡದ ಸಮೀಪದವರೆಗೂ ಹೋಗಬಲ್ಲವಾಗಿದ್ದವು. ಮೇಲಿನಿಂದ ಚೋರ್ಲಾ, ಕೇಳಘಾಟ್, ಅನಮೋಡ, ದಿಗ್ಗಿ ಮೊದಲಾದ ಕಣಿವೆಗಳ ಮೂಲಕ ಇಳಿಯುವ ಎತ್ತಿನ ದಾರಿಗಳು ಈ ದೋಣಿಗಟ್ಟೆಗಳಲ್ಲಿ ಮುಗಿಯುತ್ತಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಡಲೂ ಮುಚ್ಚಿಕೊಳ್ಳುತ್ತಿತ್ತು, ಘಟ್ಟವೂ ಮುಚ್ಚಿಕೊಳ್ಳುತ್ತಿತ್ತು. ಪ್ರಯಾಣವೆಂಬುದು ನವರಾತ್ರಿಯ ಆಸುಪಾಸಿನಲ್ಲಿ ಆರಂಭವಾಗಿ ಮುಂಗಾರಿನ ಮೊದಲ ಮೋಡಕ್ಕೆ ನಿಲ್ಲುವ ಎಂಟು ತಿಂಗಳ ವ್ಯವಹಾರವಾಗಿತ್ತು.

ಗೋವೆಯ ಕದಂಬರ ಮೊದಲ ರಾಜಧಾನಿ ಚಂದ್ರಪುರ, ಅಂದರೆ ಇಂದಿನ ಚಾಂದೋರ್, ಕಡಲಂಚಿನಲ್ಲಿರಲಿಲ್ಲ. ಕುಶಾವತಿ ಹೊಳೆಯ ದಂಡೆಯಲ್ಲಿ, ಒಳನಾಡಿನಲ್ಲಿತ್ತು. 11ನೆಯ ಶತಮಾನದ ಮಧ್ಯಭಾಗದಲ್ಲಿ ಒಂದನೆಯ ಜಯಕೇಶಿ ರಾಜಧಾನಿಯನ್ನು ಜುವಾರಿಯ ದಂಡೆಯ ಗೋಪಕಪಟ್ಟಣಕ್ಕೆ ಒಯ್ದನು. ಇದೇ ವಂಶದ ಗುಹಲ್ಲದೇವನು ಸೋಮನಾಥ ಯಾತ್ರೆಗೆಂದು ಕಡಲಿಗಿಳಿದಾಗ ಹಡಗಿನ ಕೂವೆಮರ ಮುರಿದು ಗೋಪಕದ ರೇವನ್ನು ಸೇರಬೇಕಾಯಿತೆಂದೂ ಅಲ್ಲಿ ಅರಬ್ ವರ್ತಕನೊಬ್ಬನು ಅರಸನ ನೆರವಿಗೆ ನಿಂತನೆಂದೂ ಕದಂಬರ ಶಾಸನ ಹೇಳುತ್ತದೆ. ಆ ವರ್ತಕನ ಮೊಮ್ಮಗ ಜಯಕೇಶಿಯ ಕಾಲಕ್ಕೆ ರಾಜ್ಯದ ಉನ್ನತ ಅಧಿಕಾರಿಯಾಗಿದ್ದನು, ರೇವಿಗೆ ಬರುವ ಹಡಗುಗಳ ಸುಂಕದಿಂದ ಮಸೀದಿಯೊಂದರ ಖರ್ಚು ನಡೆಯುವಂತೆ ತಾಮ್ರಶಾಸನ ಹೊರಟಿತು. ದಕ್ಷಿಣ ಭಾರತದ ಚರಿತ್ರೆಯಲ್ಲಿ ಯಾತ್ರೆ, ವ್ಯಾಪಾರ, ಆಡಳಿತ ಮೂರೂ ಇಷ್ಟು ಸಹಜವಾಗಿ ಒಂದೇ ಕಥೆಯಲ್ಲಿ ಹೆಣೆದುಕೊಂಡ ಉದಾಹರಣೆಗಳು ಹೆಚ್ಚಿಲ್ಲ. ಕಡಲಿನ ಒಡೆತನದ ಬಿರುದನ್ನು ಧರಿಸಿದ ಈ ಅರಸರ ಮತ್ತೊಂದು ರಾಜಧಾನಿ ಘಟ್ಟದ ಮೇಲಿನ ಹಲಸಿಗೆಯಲ್ಲಿ, ಎಂದರೆ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಇತ್ತೆಂಬುದನ್ನು ಮರೆಯಬಾರದು. ಒಂದೇ ರಾಜ್ಯ ಘಟ್ಟದ ಕೆಳಗೊಂದು, ಮೇಲೊಂದು ರಾಜಧಾನಿಯನ್ನು ಇಟ್ಟುಕೊಂಡಿತ್ತೆಂದರೆ ಅವೆರಡರ ನಡುವಿನ ದಾರಿಯೇ ಆ ರಾಜ್ಯದ ಬೆನ್ನೆಲುಬಾಗಿತ್ತು. ಅನಮೋಡ ಘಟ್ಟದ ಬುಡದ ಕಾಡಿನಲ್ಲಿರುವ ತಾಂಬ್ಡಿ ಸುರ್ಲದ ಮಹಾದೇವ ದೇವಾಲಯ ಈ ದಾರಿಗಳ ಅತ್ಯುತ್ತಮ ಸಾಕ್ಷಿ. ಗೋವೆಯ ಮನೆಮಠಗಳೆಲ್ಲ ಕೆಂಪು ಚಿರೆಕಲ್ಲಿನವಾದರೆ ಈ ಗುಡಿ ಕರಿಕಲ್ಲಿನದು, ಕಂಬಗಳ ಕಡೆತದಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಕೈ ಸ್ಪಷ್ಟ. ಗೋಪಕಪಟ್ಟಣದಿಂದ ಪಿಲಾರ್ ಗುಡ್ಡದ ಕಡೆಗೆ ಸಾಗುತ್ತಿದ್ದ, ಕಲ್ಲು ಹಾಸಿದ ರಾಜವೀಥಿಯ ತುಣುಕು ಇಂದಿಗೂ ಉಳಿದಿದೆ.

14ನೆಯ ಶತಮಾನದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಗೋವೆಯನ್ನು ಸಂದಾಪುರವೆಂದು ಕರೆದಿದ್ದಾನೆ. ಅವನು ಇಲ್ಲಿಗೆ ಸುಮ್ಮನೆ ನೋಡಲು ಬಂದವನಷ್ಟೇ ಅಲ್ಲ, ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಹಡಗುಪಡೆಯೊಂದಿಗೆ ಬಂದು ಸಂದಾಪುರದ ಮೇಲಿನ ದಾಳಿಯಲ್ಲಿ ಪಾಲ್ಗೊಂಡವನು. ಆ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಮಾಧವಮಂತ್ರಿ ಗೋವೆಯನ್ನು ಗೆದ್ದ ಮೇಲೆ ಸುಮಾರು ನೂರು ವರ್ಷ ಅರಬ್ಬಿ ಮತ್ತು ಪಾರಸಿ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತಿ ತುಂಗಭದ್ರೆಯ ಕಡೆಗೆ ಹೋದವು. 1472ರಲ್ಲಿ ಬಹಮನಿಯ ಮಹಮೂದ್ ಗಾವಾನ್ ಗೋವೆಯನ್ನು ಹಿಡಿದುದಕ್ಕೂ 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಆದಿಲಶಾಹಿಯಿಂದ ಕಿತ್ತುಕೊಂಡುದಕ್ಕೂ ಹಿಂದೆ ಇದ್ದ ದೊಡ್ಡ ಪ್ರಲೋಭನೆ ಕುದುರೆಯ ವ್ಯಾಪಾರವೇ. ಅಲ್ಬುಕರ್ಕನನ್ನು ಗೋವೆಯ ಕಡೆಗೆ ತಿರುಗಿಸಿದವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ತಿಮೋಜ. ಅಷ್ಟರಲ್ಲಾಗಲೇ ಜುವಾರಿಯ ಹೂಳಿನಿಂದಲೂ ಯುದ್ಧಗಳಿಂದಲೂ ಗೋಪಕಪಟ್ಟಣ ಸೊರಗಿ, ಬಂದರು ಮಾಂಡವಿಯ ದಂಡೆಯ ಏಳಾ ಎಂಬಲ್ಲಿಗೆ ಸರಿದಿತ್ತು. ಇಂದು ಹಳೆ ಗೋವೆ ಎಂದು ಕರೆಯಲ್ಪಡುವ ಊರು ಅದೇ.

ಪೋರ್ಚುಗೀಸರ ಕಾಲದ ಈ ನಗರವನ್ನು ಹೊರಗಿನವರು ಕಣ್ಣರಳಿಸಿ ಬಣ್ಣಿಸಿದ್ದಾರೆ. 1583ರಲ್ಲಿ ಆರ್ಚ್‌ಬಿಷಪ್ಪನ ಕಾರ್ಯದರ್ಶಿಯಾಗಿ ಬಂದ ಡಚ್ಚನಾದ ಲಿನ್ಸ್‌ಖೋಟೆನ್ ನೇರಬೀದಿಯೆಂಬ ಅಲ್ಲಿನ ಮುಖ್ಯ ಬೀದಿಯನ್ನೂ ಬೆಳಗಿನ ಹರಾಜುಗಳನ್ನೂ ದಾಖಲಿಸಿದನು. 1608ರಲ್ಲಿ ಬಂದ ಫ್ರಾನ್ಸಿನ ಪಿರಾರ್ಡ್ ಅಲ್ಲಿನ ರಾಜಾಸ್ಪತ್ರೆಯ ಅಚ್ಚುಕಟ್ಟನ್ನು ಮೆಚ್ಚಿ ಬರೆದನು. ಸಿರಿವಂತರು ಪಲ್ಲಕ್ಕಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ, ಬಿಸಿಲಿಗೆ ಕೊಡೆ ಹಿಡಿಯಲೆಂದೇ ಗುಲಾಮರಿದ್ದರು. ಗುಲಾಮರನ್ನು ಬೀದಿಯಲ್ಲಿ ಮಾರುತ್ತಿದ್ದ ನಗರವೂ ಅದೇ, 1560ರಿಂದ ಧರ್ಮವಿಚಾರಣೆಯ ನ್ಯಾಯಾಲಯ ಕುಳಿತ ನಗರವೂ ಅದೇ. ಅದರ ವೈಭವವನ್ನು ಹೇಳುವ ಯಾವ ಪುಸ್ತಕವೂ ಈ ಎರಡನ್ನು ಬಿಟ್ಟು ಹೇಳಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಈ ಪ್ರವಾಸಿಗಳ ಪೈಕಿ ಕನ್ನಡಿಗರಿಗೆ ಅತ್ಯಂತ ಹತ್ತಿರದವನು ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ದೇಹವನ್ನು ರೋಮಿನಲ್ಲಿ ಮಣ್ಣುಮಾಡಬೇಕೆಂದು ಪೆಟ್ಟಿಗೆಯಲ್ಲಿರಿಸಿಕೊಂಡು ದೇಶದಿಂದ ದೇಶಕ್ಕೆ ಸಾಗುತ್ತಿದ್ದ ಈತ 1623ರ ಏಪ್ರಿಲ್‌ನಲ್ಲಿ ಗೋವೆಯನ್ನು ತಲಪಿದನು. ಆ ಹೊತ್ತಿಗೆ ಇಕ್ಕೇರಿಯ ವೆಂಕಟಪ್ಪ ನಾಯಕನಿಗೂ ಪೋರ್ಚುಗೀಸರಿಗೂ ನಡುವೆ ಮೆಣಸಿನ ವ್ಯಾಪಾರವಿತ್ತು, ಕರಾವಳಿಯ ಪಾಳೆಯಗಾರರನ್ನು ಕುರಿತ ತಕರಾರುಗಳೂ ಇದ್ದವು. ನಾಯಕನ ರಾಯಭಾರಿಯಾಗಿ ವಿಠಲ ಶೆಣೈ ಎಂಬವನು ಗೋವೆಯಲ್ಲಿದ್ದನು. ಪೋರ್ಚುಗೀಸರ ರಾಯಭಾರಿ ಇಕ್ಕೇರಿಗೆ ಹೊರಟಾಗ ದೆಲ್ಲಾ ವಾಲ್ಲೆಯೂ ಜತೆಗೂಡಿದನು. ಅಕ್ಟೋಬರ್‌ನಲ್ಲಿ ಕಡಲ ಮೇಲೆ ಹೊನ್ನಾವರಕ್ಕೆ, ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಅವರು ಸಾಗಿದ ದಾರಿ, ಆ ಕಾಲದ ಪ್ರಯಾಣದ ಮೂರು ಬಗೆಗಳನ್ನೂ ಒಂದರ ಹಿಂದೊಂದರಂತೆ ತೋರಿಸುತ್ತದೆ. ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಅವನು ಗೇರುಸೊಪ್ಪೆಯ ಹೊಳೆಯ ಚೆಲುವನ್ನು ಹೊಗಳಿದನು. ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುವ ಬಗೆಯನ್ನು ಬೆರಗಿನಿಂದ ವಿವರಿಸಿದನು. ಘಟ್ಟದ ಊರುಗಳಲ್ಲಿ ಮಗ್ಗಿ ಕಲಿಸುತ್ತಿದ್ದ ರೀತಿಯ ಬಗ್ಗೆ ಇಷ್ಟು ಹಳೆಯ, ಇಷ್ಟು ಕಣ್ಣಿಗೆ ಕಟ್ಟುವ ವರ್ಣನೆ ಯುರೋಪಿನವರ ಬರಹಗಳಲ್ಲಿ ಅಪರೂಪ. ಅದು ದೊರೆತದ್ದು ಗೋವೆಯ ನೇರಬೀದಿಯನ್ನು ಬಿಟ್ಟು ಘಟ್ಟ ಹತ್ತಿದ ಪ್ರವಾಸಿಯಿಂದ.

ಅದೇ ಶತಮಾನಗಳಲ್ಲಿ, ಯಾವ ಪ್ರವಾಸ ಕಥನವೂ ಬರೆದಿಡದ ಇನ್ನೊಂದು ಪ್ರಯಾಣ ನಡೆದಿತ್ತು. 16ನೆಯ ಶತಮಾನದ ಮಧ್ಯಭಾಗದಿಂದ ತಿಸವಾಡಿ, ಬಾರ್ದೇಶ, ಸಾಸಷ್ಟಿಗಳಲ್ಲಿ ಗುಡಿಗಳು ನೆಲಸಮವಾದಾಗ ಜನರು ತಮ್ಮ ದೇವರನ್ನು ಹೊತ್ತುಕೊಂಡು ಹೊಳೆ ದಾಟಿ, ಆಗಿನ್ನೂ ಪೋರ್ಚುಗೀಸರ ಕೈಗೆ ಸಿಗದಿದ್ದ ಅಂತ್ರೂಜ್ ಮಹಾಲಿಗೆ, ಎಂದರೆ ಇಂದಿನ ಫೋಂಡಾ ತಾಲ್ಲೂಕಿಗೆ, ಬಂದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ ಬಂದುದು ಹೀಗೆ. ದೇವರು ಹತ್ತಾರು ಮೈಲಿ ನಡೆದರೆ ಭಕ್ತರು ನೂರಾರು ಮೈಲಿ ನಡೆದರು: ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಮಂಗಳೂರು, ಕಾಸರಗೋಡುಗಳವರೆಗೂ ಗೌಡ ಸಾರಸ್ವತ ಕುಟುಂಬಗಳು ಚದುರಿ ನೆಲೆಸಿದವು, ಮುಂದೆ ಅದೇ ಕರಾವಳಿಗೆ ಕ್ರೈಸ್ತ ಕುಟುಂಬಗಳೂ ಹಸಿವು, ಯುದ್ಧ, ತೆರಿಗೆಗಳ ಹೊಡೆತಕ್ಕೆ ಸಿಕ್ಕಿ ಇಳಿದವು. ಇಂದು ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ ಮಂಗಳೂರಿನಿಂದಲೋ ಶಿರಸಿಯಿಂದಲೋ ಕುಲದೇವರ ದರ್ಶನಕ್ಕೆ ಫೋಂಡಾದ ಕಡೆಗೆ ಹೊರಡುವ ಕುಟುಂಬಗಳು, ಸಾವಿರಾರು ಸಂಖ್ಯೆಯಲ್ಲಿ, ಆ ಹಳೆಯ ದಾರಿಯನ್ನು ಹಿಮ್ಮುಖವಾಗಿ ತುಳಿಯುತ್ತಿವೆ. ಹೋಟೆಲಿನ ಲೆಕ್ಕದಲ್ಲಿ ಇವರೂ ಪ್ರವಾಸಿಗಳೇ. ಆದರೆ ಇವರ ಗೋವೆಯಲ್ಲಿ ಕಡಲತೀರಕ್ಕಿಂತ ಮೊದಲು ದೇವಸ್ಥಾನದ ಅಗ್ರಶಾಲೆ, ಎಂದರೆ ಯಾತ್ರಿಕರ ವಸತಿ, ಬರುತ್ತದೆ.

ಅಂತ್ರೂಜ್ ಮಹಾಲು ಕೊನೆಗೆ ಪೋರ್ಚುಗೀಸರ ಪಾಲಾದುದಕ್ಕೂ ಘಟ್ಟದ ಮೇಲಿನ ರಾಜಕಾರಣವೇ ಕಾರಣ. ಹೈದರಾಲಿ 1763ರ ಹೊತ್ತಿಗೆ ಬಿದನೂರನ್ನು ಗೆದ್ದು ಸೋದೆಯ ಮೇಲೆ ಏರಿಬಂದಾಗ ಸೋದೆಯ ಅರಸ ಇಮ್ಮಡಿ ಸದಾಶಿವ ಗೋವೆಗೆ ಓಡಿಹೋಗಿ ಫೋಂಡಾದ ಬಾಂದಿವಡೆಯಲ್ಲಿ ನೆಲೆಸಿದನು, ಅವನ ಆಳ್ವಿಕೆಯಲ್ಲಿದ್ದ ಫೋಂಡಾ, ಕಾಣಕೋಣ ಮೊದಲಾದ ಪ್ರದೇಶಗಳು ಪೋರ್ಚುಗೀಸರಿಗೆ ಸೇರಿದವು. ಹೊಸ ಗೆಲುವುಗಳೆಂದು ಕರೆಯಲಾದ ಈ ನೆಲದಲ್ಲಿ ಗುಡಿಗಳನ್ನು ಮುಟ್ಟದಿರುವ ನೀತಿ ಆ ವೇಳೆಗೆ ರೂಢಿಗೆ ಬಂದಿತ್ತು. ಗೋವೆಯ ಕರಾವಳಿಯ ಹಳ್ಳಿಗೂ ಒಳನಾಡಿನ ಹಳ್ಳಿಗೂ ಇಂದು ಕಾಣುವ ಚಹರೆಯ ವ್ಯತ್ಯಾಸ ಈ ಎರಡು ಕಾಲಗಳ ವ್ಯತ್ಯಾಸವೇ.

ಹಳೆ ಗೋವೆಯ ಅಳಿವಿಗೆ ಮುಖ್ಯ ಕಾರಣ ಕೆಟ್ಟ ನೀರು. 1543ರಲ್ಲಿಯೇ ಭೀಕರವಾದ ವಾಂತಿಭೇದಿಯ ಪಿಡುಗನ್ನು ಕಂಡ ನಗರ ಮತ್ತೆ ಮತ್ತೆ ಸಾಂಕ್ರಾಮಿಕಗಳಿಗೆ ತುತ್ತಾಗಿ ಖಾಲಿಯಾಗುತ್ತ ಹೋಯಿತು. 1630ರ ದಶಕದಲ್ಲಿ ವೈಸರಾಯ್ ಲಿನ್ಯಾರೆಸ್ ಕಟ್ಟಿಸಿದ, ರಾಯಬಂದರಿನಿಂದ ಪಣಜಿಗೆ ಜವುಗಿನ ಮೇಲೆ ಸುಮಾರು 3 ಕಿ.ಮೀ. ಸಾಗುವ ಕಲ್ಲಿನ ಸೇತುದಾರಿಯ ಮೂಲಕವೇ ಮುಂದೆ ನಗರ ತನ್ನನ್ನು ತಾನು ಪಣಜಿಗೆ ಸಾಗಿಸಿಕೊಂಡಿತು. 1759ರಲ್ಲಿ ವೈಸರಾಯ್ ಅಲ್ಲಿಗೆ ಹೋದನು, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. 1834ರ ಬಳಿಕ ಧಾರ್ಮಿಕ ಪಂಥಗಳನ್ನು ಹೊರಹಾಕಿದ ಮೇಲೆ ಮಠಗಳೂ ಬಿದ್ದವು. 1847ರಲ್ಲಿ ಮುಂಬಯಿಯಿಂದ ಪತ್ತೆಮಾರಿ ಹಡಗಿನಲ್ಲಿ ಬಂದ ರಿಚರ್ಡ್ ಬರ್ಟನ್ ಕಂಡದ್ದು ಪೊದೆ ಬೆಳೆದ ಬೀದಿಗಳನ್ನು. ಸಂತ ಫ್ರಾನ್ಸಿಸ್ ಕ್ಸೇವಿಯರನ ದೇಹವಿರುವ, 1605ರಲ್ಲಿ ಪ್ರತಿಷ್ಠಾಪನೆಗೊಂಡ ಬೋಂ ಜೆಸೂಸ್ ಇಗರ್ಜಿ ಮಾತ್ರ ಯಾತ್ರಿಕರನ್ನು ಸೆಳೆಯುತ್ತಲೇ ಉಳಿಯಿತು.

ನಗರ ಬಿದ್ದರೂ ಘಟ್ಟದ ದಾರಿ ನಿಲ್ಲಲಿಲ್ಲ. ಲಮಾಣಿಗಳು ನೂರಾರು ಎತ್ತುಗಳ ಹೇರುಗಳನ್ನು ಕಟ್ಟಿಕೊಂಡು ಮೇಲಿನಿಂದ ಧಾನ್ಯ ಇಳಿಸುತ್ತಿದ್ದರು. ಗೋವೆಯ ಆಗರಗಳ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲಕ್ಕೆ ಹೋಗುತ್ತಿದ್ದವು. ಈ ಉಪ್ಪೇ ಮುಂದಿನ ದೊಡ್ಡ ತಿರುವಿಗೆ ಕಾರಣವಾಯಿತು. 1878ರ ಡಿಸೆಂಬರ್ 26ರಂದು ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಂತೆ ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷ್ ಭಾರತದ ಹಿಡಿತಕ್ಕೆ ಬಂದಿತು, ಎರಡು ಸೀಮೆಗಳ ನಡುವಿನ ಸುಂಕ ತೆಗೆದುಹೋಯಿತು, ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲುವುದೆಂದಾಯಿತು. ಜತೆಗೆ ಮುರಗಾಂವಿನಿಂದ ಘಟ್ಟದ ಮೇಲಕ್ಕೆ ರೈಲುದಾರಿ ಹಾಕುವ ನಿರ್ಧಾರವಾಯಿತು. ಲಂಡನ್ನಿನಲ್ಲಿ ಸ್ಥಾಪನೆಯಾದ ಕಂಪನಿಯೊಂದು ಪೋರ್ಚುಗೀಸ್ ಸರಕಾರದ ಬಡ್ಡಿ ಖಾತರಿಯ ಮೇಲೆ ಈ ದಾರಿಯನ್ನು ಕಟ್ಟಿತು. 1888ರ ವೇಳೆಗೆ ಅದು ಕ್ಯಾಸಲ್‌ರಾಕ್ ತಲಪಿ, ಅಲ್ಲಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿಗಳ ಕಡೆಗಿನ ಸದರ್ನ್ ಮರಾಠಾ ರೈಲ್ವೆಯನ್ನು ಕೂಡಿತು. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗಿನ ಸುಮಾರು 25 ಕಿ.ಮೀ. ಏರುದಾರಿ ಸುರಂಗಗಳ ಸಾಲನ್ನು ದಾಟಿ ದೂಧಸಾಗರ ಜಲಪಾತದ ನಡುಮೈಯನ್ನೇ ಹಾದುಹೋಗುತ್ತದೆ. ಈ ರೈಲುದಾರಿ ಘಟ್ಟದ ಬುಡಕ್ಕೆ ಹೋಗುವ ಮುನ್ನ ಚಾಂದೋರಿನ ಮಗ್ಗುಲಲ್ಲೇ ಸಾಗುವುದು ಆಕಸ್ಮಿಕವಲ್ಲ: ಕದಂಬರಿಗೆ ಮೊದಲ ರಾಜಧಾನಿಯನ್ನು ಒದಗಿಸಿದ ಒಳನಾಡಿನ ಕಣಿವೆಯನ್ನೇ ಎಂಟು ಶತಮಾನಗಳ ಬಳಿಕ ಎಂಜಿನಿಯರರೂ ಹಿಡಿದರು.

ಒಪ್ಪಂದ 1892ರಲ್ಲಿ ಮುಗಿದುಹೋಯಿತು. ಉಪ್ಪಿನ ತಯಾರಿಕೆ ಬ್ರಿಟಿಷರ ಹಿಡಿತಕ್ಕೆ ಹೋದುದರಿಂದ ಆಗರದವರು ಅನುಭವಿಸಿದ ಕಷ್ಟ ಅಷ್ಟಕ್ಕೆ ಮುಗಿಯಲಿಲ್ಲ. ಸುಂಕದ ಕಟ್ಟೆಗಳು ಮರಳಿದವು. ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ, ಕ್ಯಾಸಲ್‌ರಾಕ್‌ನಲ್ಲಿ ಈ ಕಡೆಯವರ ತಪಾಸಣೆ, ನಡುವೆ ಕಾಡು: ಉತ್ತರ ಕನ್ನಡ ಜಿಲ್ಲೆಯ ಒಂದು ಸಣ್ಣ ಊರು ಹೀಗೆ ಅಂತರರಾಷ್ಟ್ರೀಯ ಗಡಿಯ ನಿಲ್ದಾಣವಾಯಿತು. 1955ರ ಆಗಸ್ಟ್ 15ರ ಸತ್ಯಾಗ್ರಹದಲ್ಲಿ ಗಡಿ ದಾಟಿದ ನಿರಾಯುಧರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಭಾರತ ಗೋವೆಯೊಂದಿಗಿನ ಸಂಚಾರವನ್ನೆಲ್ಲ ಕಡಿದುಹಾಕಿತು, ರೈಲೂ ನಿಂತಿತು. 1961ರ ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಒಳಬಂದಾಗ ಹಿಮ್ಮೆಟ್ಟುತ್ತಿದ್ದ ಪೋರ್ಚುಗೀಸರು ಬೋರಿ ಮತ್ತು ಬಾಣಸ್ತಾರಿಯ ಸೇತುವೆಗಳನ್ನು ಸಿಡಿಸಿದರು. ಹೊಳೆಗಳ ಈ ನಾಡನ್ನು ಕಾಯುವುದೆಂದರೆ ದಾಟುವ ಜಾಗಗಳನ್ನು ಕಾಯುವುದೆಂಬ ತಿಳಿವಳಿಕೆ ಕೊನೆಯ ದಿನದವರೆಗೂ ಅವರನ್ನು ಬಿಟ್ಟಿರಲಿಲ್ಲ.

ಇಷ್ಟು ದೀರ್ಘವಾದ ಪ್ರಯಾಣದ ಚರಿತ್ರೆಯಲ್ಲಿ ಮರಳಿನ ತೀರಕ್ಕೆ ಸಿಕ್ಕಿದ ಪುಟಗಳು ತೀರ ಕಡಿಮೆ. ಕಳಂಗೂಟ, ಬಾಗಾ, ಕೋಲ್ವಾ, ಬಾಣಾವಲಿಗಳ ತೀರ ಮೀನುಗಾರರ ದುಡಿಮೆಯ ಕಣವಾಗಿತ್ತು. ಊರಿಗೆ ಊರೇ ಸೇರಿ ಎಳೆಯುವ ರಾಂಪಣಿ ಬಲೆಯನ್ನು ಒಣಗಿಸುವುದಕ್ಕೂ ದೋಣಿ ಎಳೆದಿಡುವುದಕ್ಕೂ ಆ ಮರಳು ಬೇಕಾಗಿತ್ತು. ಮೇ ತಿಂಗಳಿನಲ್ಲಿ ಒಳನಾಡಿನ ಅನುಕೂಲಸ್ಥ ಕುಟುಂಬಗಳು ಹವೆ ಬದಲಾವಣೆಗೆಂದು ಅಲ್ಲಿ ಕೆಲವು ವಾರ ಬಿಡಾರ ಹೂಡುತ್ತಿದ್ದುದುಂಟು, ಅಷ್ಟೇ. 1960ರ ದಶಕದ ಕೊನೆಗೆ ಯುರೋಪಿನ ತರುಣರು ಬೆಲ್‌ಗ್ರೇಡ್, ಬಲ್ಗೇರಿಯದ ಸೋಫಿಯಾ, ಇಸ್ತಾಂಬುಲ್, ತೆಹರಾನ್, ಕಾಬೂಲ್ ಊರುಗಳನ್ನು ಹಾದು ನೆಲದ ಮೇಲೆಯೇ ಭಾರತಕ್ಕೆ ಬಂದು ಅಂಜುಣೆ, ವಾಗಾತೋರುಗಳಲ್ಲಿ ಚಳಿಗಾಲ ಕಳೆಯತೊಡಗಿದ ಮೇಲೆ ತೀರವೇ ಗೋವೆಯಾಯಿತು. 1979ರ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನದ ಯುದ್ಧದಿಂದ ಆ ನೆಲದ ದಾರಿ ಮುಚ್ಚಿತು. 1983ರ ನವೆಂಬರ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರು ಆಗ್ವಾದದ ಹೋಟೆಲಿನಲ್ಲಿ ತಂಗಿದರು. ಆ ದಶಕದ ನಡುವಿನಿಂದ ಬಾಡಿಗೆ ವಿಮಾನಗಳು ಪ್ರವಾಸಿಗರನ್ನು ಯುರೋಪಿನಿಂದ ನೇರವಾಗಿ ದಾಬೋಳಿಗೆ ತಂದು ಇಳಿಸಿದವು. ದಾಬೋಳಿ ವಿಮಾನ ನಿಲ್ದಾಣ ಸಹ 1950ರ ದಶಕದಲ್ಲಿ ಪೋರ್ಚುಗೀಸರು, ಭಾರತದ ದಿಗ್ಬಂಧನವನ್ನು ಎದುರಿಸಲು ಕಟ್ಟಿದುದು. ಘಟ್ಟದ ದಾರಿ ಮುಚ್ಚಿದಾಗ ಹುಟ್ಟಿದ ನಿಲ್ದಾಣವೇ ಮುಂದೆ ಘಟ್ಟವನ್ನೂ ಹೊಳೆಯನ್ನೂ ಕಾಣದೆಯೇ ಗೋವೆಯನ್ನು ನೋಡಿ ಹೋಗುವುದನ್ನು ಸಾಧ್ಯಮಾಡಿತು.

ತೀರವೇ ಗೋವೆಯೆಂಬ ಈ ನೋಟ ಗೋವೆಗೆ ಹಣ ತಂದಿದೆ, ನಿಜ. ಆದರೆ ಮೀನುಗಾರರನ್ನು ತಮ್ಮದೇ ಮರಳಿನಲ್ಲಿ ಹೊರಗಿನವರನ್ನಾಗಿ ಮಾಡಿದೆ, ಒಳನಾಡನ್ನು ಅದಿರು ತೋಡುವ ಗುಂಡಿಯೆಂಬಂತೆ ಮಾತ್ರ ಕಾಣುವ ಕಣ್ಣನ್ನು ಬೆಳೆಸಿದೆ. 1970ರ ದಶಕದಲ್ಲಿ ಯಾಂತ್ರಿಕ ಟ್ರಾಲರುಗಳ ವಿರುದ್ಧ ರಾಂಪಣಿಕಾರರು ನಡೆಸಿದ ಹೋರಾಟ ಬಲೆಯ ಜಗಳವಷ್ಟೇ ಆಗಿರಲಿಲ್ಲ, ತೀರ ಯಾರದೆಂಬ ಪ್ರಶ್ನೆಯೂ ಅದರಲ್ಲಿತ್ತು.

ಸೇತುವೆಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಪಣಜಿಗೂ ಬೇತಿಗೂ ನಡುವೆ ದೋಣಿಯೇ ಗತಿಯಾಗಿದ್ದ ಮಾಂಡವಿಗೆ 1970ರ ದಶಕದ ಆರಂಭದಲ್ಲಿ ಸೇತುವೆಯಾಯಿತು, 1986ರ ಜುಲೈ 5ರಂದು ಅದು ಕುಸಿದುಬಿದ್ದು ಜನ ಮತ್ತೆ ಫೆರಿ ದೋಣಿಗೆ ಮರಳಿದರು. ಜುವಾರಿಗೆ 1983ರಲ್ಲಿ ಸೇತುವೆಯಾಯಿತು. 1998ರಲ್ಲಿ ಕೊಂಕಣ ರೈಲುದಾರಿ ಪೂರ್ತಿಯಾಗಿ ತೆರೆದುಕೊಂಡು, ಮಂಗಳೂರಿನಿಂದ ಮಡಗಾಂವಿಗೆ ಕಡಲಿಗೆ ಸಮಾನಾಂತರವಾಗಿ ಬರುವುದು ಮೊದಲ ಬಾರಿಗೆ ಸುಲಭವಾಯಿತು. 1980ರಲ್ಲಿ ಸ್ಥಾಪನೆಯಾದ ಗೋವೆಯ ಸಾರಿಗೆ ನಿಗಮ ಕದಂಬರ ಹೆಸರನ್ನೇ ಇಟ್ಟುಕೊಂಡಿತು; ಅದರ ಬಸ್ಸುಗಳು ಇಂದು ಬೆಳಗಾವಿ, ಹುಬ್ಬಳ್ಳಿಗಳಿಗೂ ಹತ್ತಿಳಿಯುತ್ತವೆ.

ಆ ಬಸ್ಸುಗಳಲ್ಲಿಯೂ ವಾಸ್ಕೋದ ರೈಲುಗಳಲ್ಲಿಯೂ ಬರುವವರಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳ ದುಡಿಯುವ ಜನ. ಬಂದರಿನಲ್ಲಿ, ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ, ರಸ್ತೆಯ ಡಾಂಬರಿನಲ್ಲಿ, ತೀರದ ಹೋಟೆಲುಗಳ ಅಡುಗೆಮನೆಗಳಲ್ಲಿ 1961ರ ಬಳಿಕದ ಗೋವೆಯನ್ನು ಕಟ್ಟಿದ ಕೈಗಳಲ್ಲಿ ಅವರ ಕೈಗಳು ಬಹಳ. ಬೈನಾ, ಜುವಾರಿನಗರಗಳಂತಹ ನೆಲೆಗಳಲ್ಲಿ ಕನ್ನಡ ಮಾತು ಬೀದಿಯ ಮಾತಾಗಿದೆ. ಲಮಾಣಿಗಳ ಎತ್ತಿನ ಹೇರುಗಳು ನಿಂತು ಬಹುಕಾಲವಾದರೂ ಬಯಲುಸೀಮೆಯಿಂದ ಕಡಲಿಗೆ ಇಳಿಯುವ ಆ ಹಳೆಯ ಓಟ ನಿಂತಿಲ್ಲವೆನ್ನುವುದಕ್ಕೆ ಈ ಜನರೇ ಸಾಕ್ಷಿ. ಗೋವೆಗೆ ಬಂದುಹೋದವರ ಚರಿತ್ರೆಯನ್ನು ಬರೆಯುವವರು ಲಿನ್ಸ್‌ಖೋಟೆನ್, ಬರ್ಟನ್ನರಿಗೆ ಕೊಟ್ಟಷ್ಟು ಜಾಗವನ್ನು ಇವರಿಗೂ ಕೊಡಬೇಕಾದುದು ನ್ಯಾಯ. ಅವರು ಗೋವೆಯನ್ನು ನೋಡಿದರು, ಇವರು ಅದರ ಭಾರವನ್ನು ಹೊತ್ತರು.

ಹಳೆ ಗೋವೆಯ ಎದುರಿಗಿರುವ ದೀವಾಡಿ ನಡುಗಡ್ಡೆಗೆ ಇಂದಿಗೂ ಫೆರಿ ದೋಣಿಯಲ್ಲೇ ಹೋಗಬೇಕು. ಕದಂಬರ ಕುಲದೇವತೆಯಾದ ಸಪ್ತಕೋಟೀಶ್ವರನ ಮೂಲಸ್ಥಾನ ಈ ನಡುಗಡ್ಡೆಯಲ್ಲಿತ್ತು. ಅವರ ಚಿನ್ನದ ನಾಣ್ಯಗಳ ಮೇಲೆ ಈ ದೇವರ ವರದ ಉಲ್ಲೇಖವಿದೆ. ಮಾಧವಮಂತ್ರಿ ಮರುಸ್ಥಾಪಿಸಿದ, ಪೋರ್ಚುಗೀಸರು ಕೆಡವಿದ ಆ ದೇವಾಲಯದ ಲಿಂಗವನ್ನು ಹೊಳೆಯಾಚೆ ಡಿಚೋಲಿ ತಾಲ್ಲೂಕಿನ ನಾರ್ವೆಗೆ ದಾಟಿಸಲಾಯಿತು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದನು. ದೀವಾಡಿಯ ಉತ್ತರದ ದಂಡೆಯಿಂದ ನಾರ್ವೆಗೂ ಫೆರಿ ದೋಣಿಯಿದೆ.